ಕಡಲ ತಡಿಯ ಶಿಬಿರಾಗ್ನಿ

ಗೃಹಸ್ಥನ ಜೀವನವು ಅಗ್ನಿಯ ಆಶ್ರಯವಿಲ್ಲದೆ ಸಾಗದು. ಇದನ್ನರಿತೇ ಜೈನಾಚಾರ್ಯರು ಶ್ರಾವಕನಿಗೆ ಆರಂಭೀ ಹಿಂಸೆಯ ಪೂರ್ಣ ತ್ಯಾಗವನ್ನು ವಿಧಿಸದೆ ಯತ್ನಾಚಾರವನ್ನು ವಿಧಿಸಿದರು. ಆದರೆ ಪ್ರಯೋಜನವಿಲ್ಲದ ಹಿಂಸೆಯನ್ನು ಅನರ್ಥದಂಡವೆಂದು ಕರೆದು, ಅದರ ತ್ಯಾಗವನ್ನು ಗುಣವ್ರತಗಳಲ್ಲಿ ಸೇರಿಸಿದರು. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ, ನಿಷ್ಫಲವಾಗಿ ನೆಲವನ್ನಗೆಯುವುದು, ನೀರನ್ನು ಚೆಲ್ಲುವುದು, ಬೆಂಕಿಯನ್ನು ಹೊತ್ತಿಸುವುದು, ಗಿಡಗಳನ್ನು ಕತ್ತರಿಸುವುದು ಇವೆಲ್ಲ ‘ಪ್ರಮಾದಚರ್ಯೆ’ ಎಂಬ ಹೆಸರಿನಲ್ಲಿ ಉಕ್ತವಾಗಿವೆ.

ಕಡಲ ತಡಿಯಲ್ಲಿ ವಿನೋದಕ್ಕಾಗಿ ಹೊತ್ತಿಸುವ ಶಿಬಿರಾಗ್ನಿಯು ಇವುಗಳಲ್ಲಿ ಯಾವುದಕ್ಕೆ ಸೇರುತ್ತದೆ? ಕಾರ್ಕಳದ ಒಂದು ಶ್ರಾವಕ ಕುಟುಂಬದಲ್ಲಿ ಈ ಪ್ರಶ್ನೆ ಎದ್ದಿತು. ಬಂಡೆಯ ಮೇಲೆ 1901ರಲ್ಲಿ ಕಟ್ಟಿದ ದೀಪಸ್ತಂಭವಿರುವ ಕಾಪು ಕಡಲ ತೀರವು ಆ ಮನೆಯವರಿಗೆಲ್ಲ ಅಚ್ಚುಮೆಚ್ಚಿನ ಸ್ಥಳ. ಡಿಸೆಂಬರ್ ರಜೆಯಲ್ಲಿ ಬೆಂಗಳೂರಿನಿಂದ ಬಂದ ಮಗನು, ಒಂದು ಸಂಜೆ ಅಲ್ಲಿ ಬೆಂಕಿ ಹಾಕಿ ಸುತ್ತಲೂ ಕುಳಿತು ಮಕ್ಕಳಿಗೆ ಸಂತೋಷಪಡಿಸೋಣವೆಂದನು. ರಾತ್ರಿಭೋಜನತ್ಯಾಗದ ವ್ರತವನ್ನು ಪಾಲಿಸುತ್ತಿದ್ದ ವೃದ್ಧ ತಾಯಿಗೆ ಅದು ಸರಿಕಾಣಲಿಲ್ಲ.

‘ಅಡಿಗೆಮನೆಯ ಒಲೆಯಲ್ಲಿಯೂ ಅಗ್ನಿಕಾಯ ಜೀವಗಳಿಲ್ಲವೇ, ಅಮ್ಮಾ?’ ಎಂದು ಮಗನು ಕೇಳಿದನು.

‘ಇವೆ ಮಗಾ. ಆದರೆ ಒಲೆಯ ಮುಂದೆ ಕುಳಿತವಳು ಅನ್ನ ಬೆಂದೊಡನೆ ಕಟ್ಟಿಗೆಯನ್ನು ಹಿಂದಕ್ಕೆಳೆಯುತ್ತಾಳೆ. ನಿಮ್ಮ ಬೆಂಕಿ ಎಲ್ಲಿಯವರೆಗೆ ಉರಿಯಬೇಕೆಂಬುದು ನಿಮಗೆ ಗೊತ್ತಿದೆಯೇ?’ ಎಂದಳು ತಾಯಿ.

ಈ ಒಂದು ಮಾತಿನಲ್ಲಿ ಧರ್ಮವೂ ಇದೆ, ಸುರಕ್ಷತೆಯೂ ಇದೆ. ಪ್ರಯೋಜನವುಳ್ಳ ಬೆಂಕಿಗೆ ಅಳತೆಯುಂಟು, ಕೊನೆಯುಂಟು. ವಿನೋದದ ಬೆಂಕಿಗೆ ಎರಡೂ ಇಲ್ಲ. ಮನೆಯವರು ಕೂಡಿ ವಿಚಾರಿಸಿ, ಬೆಂಕಿಗೊಂದು ಕೆಲಸವನ್ನು ಗೊತ್ತುಮಾಡಿದರು: ಸಂಜೆಯ ಗಂಜಿಯನ್ನು ತೀರದಲ್ಲಿಯೇ ಬೇಯಿಸಿ, ಸೂರ್ಯಾಸ್ತಕ್ಕೆ ಮೊದಲು ಊಟ ಮುಗಿಸುವುದು. ಅಲ್ಲಿ ಬೆಂಕಿ ಹಾಕಲು ಅಡ್ಡಿಯಿಲ್ಲವೆಂಬುದನ್ನು ಸ್ಥಳೀಯರಲ್ಲಿ ಮೊದಲೇ ಕೇಳಿ ತಿಳಿದುಕೊಂಡರು.

ಮರಳಿನಲ್ಲಿ ಗುಂಡಿ ತೋಡಲಿಲ್ಲ. ಮರಳಿನೊಳಗೆ ಬಿಲ ಮಾಡಿಕೊಂಡು ಬಾಳುವ ಏಡಿಗಳಿವೆ. ಅಲ್ಲದೆ ಮರಳಿನಲ್ಲಿ ಹೂತ ಕೆಂಡವು ಮೇಲೆ ತಣ್ಣಗೆ ಕಂಡರೂ ಒಳಗೆ ಗಂಟೆಗಟ್ಟಲೆ ಕಾದಿರುತ್ತದೆ. ಮರುದಿನ ಬೆಳಿಗ್ಗೆ ಬರಿಗಾಲಿನಲ್ಲಿ ಓಡುವ ಮಗುವಿಗೆ ಅದು ತಿಳಿಯದು. ಆದ್ದರಿಂದ ಕಾಲುಗಳುಳ್ಳ ಕಬ್ಬಿಣದ ಒಲೆಯನ್ನು ಒಯ್ದರು. ದಡಕ್ಕೆ ಬಂದು ಬಿದ್ದ ಮರದ ತುಂಡುಗಳನ್ನು ಮುಟ್ಟಲಿಲ್ಲ. ಅವು ಹುಳುಗಳ ಮನೆ, ಉಪ್ಪು ಹೀರಿದ ಅವುಗಳ ಹೊಗೆ ಆರೋಗ್ಯಕ್ಕೂ ಹಾನಿಕರ. ಮನೆಯಿಂದ ತಂದ ಒಣಕಟ್ಟಿಗೆಯನ್ನು ಒಂದೊಂದಾಗಿ ತಟ್ಟಿ, ಇರುವೆ ಗೆದ್ದಲುಗಳಿಲ್ಲವೆಂದು ನೋಡಿ ಒಲೆಗಿಟ್ಟರು. ಹಗಲಿನಲ್ಲಿ ಕಡಲಗಾಳಿ ನೆಲದತ್ತ ಬೀಸುವುದರಿಂದ ಕಿಡಿಗಳು ಗಾಳಿಮರಗಳ ತರಗೆಲೆಗೂ ತೆಂಗಿನ ಒಣಮಡಲಿಗೂ ಹಾರಬಲ್ಲವು. ಇರುಳಾದಂತೆ ಗಾಳಿಯ ದಿಕ್ಕು ತಿರುಗುವುದೂ ಉಂಟು. ಹಾಗಾಗಿ ಮರಗಳಿಂದಲೂ ದೋಣಿ ಬಲೆಗಳಿಂದಲೂ ದೂರದಲ್ಲಿ ಒಲೆ ಹೂಡಿದರು. ಸೋಸಿದ ನೀರಿನ ಕೊಡವೊಂದು ಪಕ್ಕದಲ್ಲಿಯೇ ಇತ್ತು. ಒಬ್ಬರಾದರೂ ಒಲೆಯನ್ನು ಬಿಟ್ಟು ಏಳಬಾರದೆಂಬ ಕಟ್ಟುಪಾಡೂ ಇತ್ತು.

ಬೆಂಕಿಯನ್ನು ಹೊತ್ತಿಸುವುದು ಹೇಗೋ ಹಾಗೆಯೇ ಆರಿಸುವುದೂ ಹಿಂಸೆಯೇ. ಅದನ್ನು ಕಡಿಮೆ ಮಾಡುವ ಮಾರ್ಗವು ಅಳತೆಯ ಕಟ್ಟಿಗೆ. ಗಂಜಿ ಬೆಂದಾಗ ಕಟ್ಟಿಗೆಯೂ ಮುಗಿದಿತ್ತು. ಉಳಿದ ಕೆಂಡ ತಾನಾಗಿ ಬೂದಿಯಾಗುವವರೆಗೆ ಕಾದು, ಕೊನೆಗೆ ಸ್ವಲ್ಪ ನೀರು ಚಿಮುಕಿಸಿ, ಬೂದಿಯನ್ನು ಡಬ್ಬದಲ್ಲಿ ತುಂಬಿಕೊಂಡರು.

‘ಇಷ್ಟೇಯೇ?’ ಎಂದು ಕಿರಿಯ ಮೊಮ್ಮಗನು ಮುಖ ಸಪ್ಪಗೆ ಮಾಡಿಕೊಂಡನು. ಅಜ್ಜಿಯು ಉತ್ತರ ಕೊಡದೆ ಅವನನ್ನು ತನ್ನ ಮಗ್ಗುಲಲ್ಲಿ ಕುಳ್ಳಿರಿಸಿಕೊಂಡಳು. ಕತ್ತಲೆ ಕವಿಯಿತು, ದೀಪಸ್ತಂಭದ ಬೆಳಕು ಸುತ್ತತೊಡಗಿತು. ಸ್ವಲ್ಪ ಹೊತ್ತಿನಲ್ಲಿ ಬಿಲಗಳಿಂದ ಏಡಿಗಳು ಒಂದೊಂದಾಗಿ ಹೊರಬಂದು, ಮರಳಿನ ಮೇಲೆ ಅಡ್ಡಡ್ಡಲಾಗಿ ಓಡಾಡತೊಡಗಿದವು. ಬಾಲಕನು ಉಸಿರು ಬಿಗಿಹಿಡಿದು ಎಣಿಸುತ್ತ ಕುಳಿತನು. ಬೆಂಕಿಯೂ ಗದ್ದಲವೂ ಇದ್ದಲ್ಲಿ ಆ ನೋಟ ದೊರೆಯುತ್ತಿರಲಿಲ್ಲ.

ಇರುಳಿನ ಬೆಂಕಿಯು ಕೊಲ್ಲುವುದು ಅದರಲ್ಲಿ ಬಿದ್ದ ನಾಲ್ಕಿಂದ್ರಿಯದ ಪತಂಗಗಳನ್ನು ಮಾತ್ರವಲ್ಲ. ಕರ್ನಾಟಕದ ಕೆಲವು ತೀರಗಳಲ್ಲಿ ಚಳಿಗಾಲದಲ್ಲಿ ಆಲಿವ್ ರಿಡ್ಲಿ ಕಡಲಾಮೆಗಳು ಮೊಟ್ಟೆಯಿಡುತ್ತವೆ. ಸುಮಾರು 45ರಿಂದ 60 ದಿನಗಳಲ್ಲಿ, ಸಾಮಾನ್ಯವಾಗಿ ರಾತ್ರಿಯಲ್ಲಿ, ಹೊರಬರುವ ಮರಿಗಳು ಕಡಲಿನ ಮೇಲಣ ತಿಳಿಬೆಳಕನ್ನು ನೋಡಿ ದಾರಿ ಹಿಡಿಯುತ್ತವೆ. ದಡದ ಮೇಲೆ ಬೆಂಕಿ ಉರಿಯುತ್ತಿದ್ದರೆ, ಅದನ್ನೇ ಕಡಲೆಂದು ಭ್ರಮಿಸಿ ಅತ್ತ ತೆವಳಿ ಸಾಯುವುದುಂಟು. ಬೆಂಕಿಯ ಸುತ್ತ ಹಾಡುವವರಿಗೆ ಇದು ಗೊತ್ತೇ ಆಗುವುದಿಲ್ಲ. ಪ್ರಮಾದವೆಂದರೆ ಕೇಡನ್ನು ಬಯಸುವುದಲ್ಲ, ನೋಡದೆ ನಡೆಯುವುದು.

ಬಸದಿಗಳ ಆಡಳಿತ ಮಂಡಳಿಗಳು ತರುಣರನ್ನು ವಿಹಾರಕ್ಕೂ ಶಿಬಿರಕ್ಕೂ ಕರೆದೊಯ್ಯುವುದು ಸ್ತುತ್ಯವಾದ ಕಾರ್ಯ. ಸಂತೋಷವನ್ನು ನಿಷೇಧಿಸಬೇಕಾಗಿಲ್ಲ. ಆದರೆ ಕಡ್ಡಿ ಗೀರುವ ಮೊದಲು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಲು ಅವರಿಗೆ ಕಲಿಸಬೇಕು: ಈ ಬೆಂಕಿ ಯಾವುದಕ್ಕಾಗಿ? ಎಷ್ಟು ಹೊತ್ತಿಗಾಗಿ? ಇದರ ಬಿಸಿ ಮತ್ತು ಬೆಳಕು ಯಾರನ್ನೆಲ್ಲ ಮುಟ್ಟುತ್ತದೆ? ಸುತ್ತಲೂ ಕುಳಿತವರ ಮೈ ಸುಡದಿದ್ದರೆ ಬೆಂಕಿ ಸುರಕ್ಷಿತವೆಂದು ಲೋಕವು ಹೇಳುತ್ತದೆ; ಶ್ರಾವಕನ ಸುರಕ್ಷತೆಯ ವಲಯವು ಅದಕ್ಕಿಂತ ದೊಡ್ಡದು.