ಸ್ಫಟಿಕದಲ್ಲಿ ಕಾಣದ ಕಂದಕ

ಈ ಶತಮಾನದ ಮೊದಲ ವರ್ಷಗಳು. ಸ್ಯಾನ್ ಡಿಯಾಗೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ, ಆಂಡ್ರ್ಯೂ ಮೆಕ್ಯಾಮನ್ ಅವರ ತಂಡದ ಕಂಪ್ಯೂಟರಿನ ಎದುರು ಕೂತಿದ್ದೀರಿ. ಪರದೆಯ ತುಂಬ ಎಚ್‌ಐವಿಯ ಇಂಟಿಗ್ರೇಸ್ ಕಿಣ್ವ. ವೈರಸ್ಸಿನ ಡಿಎನ್‌ಎಯನ್ನು ನಮ್ಮ ಡಿಎನ್‌ಎಯೊಳಗೆ ಸೇರಿಸುವುದು ಇದರ ಕಸುಬು. ಸೇರಿತೆಂದರೆ ಆ ಜೀವಕೋಶಕ್ಕೆ ಸೋಂಕು ಕಾಯಂ.

ಇನ್ನಷ್ಟು ಹತ್ತಿರ ಬನ್ನಿ. ಇಗೋ, ಈ ತಗ್ಗಿನಲ್ಲೇ ಎಲ್ಲ ನಡೆಯುವುದು. ಎರಡು ಆಸ್ಪಾರ್ಟಿಕ್ ಆಮ್ಲ, ಒಂದು ಗ್ಲುಟಾಮಿಕ್ ಆಮ್ಲ, ಅವುಗಳ ಬಳಿ ಒಂದು ಮೆಗ್ನೀಸಿಯಂ ಅಯಾನು. 1999ರ ಸ್ಫಟಿಕ ಚಿತ್ರದಲ್ಲಿ, ಕಿಣ್ವದ ಕೆಲಸ ತಡೆಯುವ 5ಸಿಐಟೆಪ್ ಎಂಬ ಅಣು ಇಲ್ಲಿ ಬಂದು ಕೂತಿದೆ. ಆದರೆ ಅದು ಅಲುಗಾಡದ ಚಿತ್ರ. ಅದನ್ನಷ್ಟೇ ನಂಬುವುದೆಂದರೆ ಗ್ರೂಪ್ ಫೋಟೋ ನೋಡಿ ಮದುವೆಮನೆಯ ಗದ್ದಲ ಊಹಿಸಿದಂತೆ.

ಈಗ ಕಿಣ್ವದ ಸುತ್ತ ನೀರು ತುಂಬುತ್ತಾರೆ, ಲೆಕ್ಕದ ನೀರು, ಅಣು ಅಣುವಾಗಿ. ಶಾಖ ಕೊಡುತ್ತಾರೆ. ಪ್ರತಿ ಪರಮಾಣುವಿನ ಮೇಲೆ ಎಷ್ಟು ಬಲ ಬೀಳುತ್ತಿದೆ, ಅದು ಎತ್ತ ಸರಿಯಬೇಕು? ನ್ಯೂಟನ್ನನ ನಿಯಮದಂತೆ ಲೆಕ್ಕ ಹಾಕು, ಸರಿಸು, ಮತ್ತೆ ಲೆಕ್ಕ ಹಾಕು. ಒಂದು ಹೆಜ್ಜೆಗೆ ಒಂದೆರಡು ಫೆಮ್ಟೊಸೆಕೆಂಡ್. ಎರಡು ನ್ಯಾನೊಸೆಕೆಂಡ್ ಮುಟ್ಟಬೇಕಾದರೆ ಹತ್ತು ಲಕ್ಷ ಹೆಜ್ಜೆಗೆ ಕಡಿಮೆಯಿಲ್ಲ. ಇಷ್ಟಾದರೂ ಅದು ರೆಪ್ಪೆ ಬಡಿಯುವ ಹೊತ್ತಿನ ಕೋಟಿಯಲ್ಲೊಂದು ಪಾಲೂ ಅಲ್ಲ.

ನೋಡಿ, ಕಿಣ್ವ ಮಿಸುಕುತ್ತಿದೆ. ತಗ್ಗಿನ ಬದಿಯ ಸಡಿಲ ಕುಣಿಕೆ ಬಾಗಿತು, ಪಕ್ಕಕ್ಕೆ ವಾಲಿತು. ಇಂಥ ಗಳಿಗೆಗಳನ್ನು ಒಂದೊಂದಾಗಿ ತಡೆದು ನಿಲ್ಲಿಸಿ ಆಟೋಡಾಕ್ ಎಂಬ ಪ್ರೋಗ್ರಾಮಿಗೆ ಒಪ್ಪಿಸುತ್ತಾರೆ. ಅದು ಅಣುವನ್ನು ತಿರುಗಿಸಿ, ಮಗುಚಿ, ಮೂಲೆಮೂಲೆಗೆ ತೂರಿಸಿ, ಎಲ್ಲಿ ಬಿಗಿಯಾಗಿ ಕೂರುತ್ತದೆಂದು ಅಂಕ ಕೊಡುತ್ತದೆ. ಕೆಲವು ಗಳಿಗೆಗಳಲ್ಲಿ ಅಣು ಹಳೆಯ ಜಾಗ ಬಿಟ್ಟು ಆಚೆಗೆ ಹೊರಳಿದೆ. ಅಲ್ಲೊಂದು ಕಂದಕ! ಸ್ಫಟಿಕ ಚಿತ್ರದಲ್ಲಿ ಅದರ ಸುಳಿವೇ ಇರಲಿಲ್ಲ.

ಮುಂದಿನ ಕಥೆ ಈ ಕೋಣೆಯವರಿಗೆ ಗೊತ್ತಿಲ್ಲ, ನಿಮಗೆ ಗೊತ್ತು. 2004ರಲ್ಲಿ ಕಂದಕದ ಸುದ್ದಿ ಪ್ರಕಟವಾಗುತ್ತದೆ. 2007ರ ಅಕ್ಟೋಬರಿನಲ್ಲಿ ಮರ್ಕ್ ಕಂಪನಿಯ ರಾಲ್ಟೆಗ್ರಾವಿರ್‌ಗೆ ಅಮೆರಿಕದಲ್ಲಿ ಅನುಮತಿ ಸಿಗುತ್ತದೆ. ಇಂಟಿಗ್ರೇಸನ್ನು ತಡೆಯುವ ಮೊದಲ ಮಾತ್ರೆ ಅದು. ಕಂಪ್ಯೂಟರೇ ಔಷಧ ಹಡೆಯಿತು ಎನ್ನುವಷ್ಟು ದೂರ ನಾನು ಹೋಗಲಾರೆ. ಅಣುಗಳನ್ನು ಕಟ್ಟಿ, ತಿದ್ದಿ, ಪರೀಕ್ಷಿಸಿದ ರಸಾಯನಶಾಸ್ತ್ರಜ್ಞರ ವರ್ಷಗಳನ್ನು ಹಾಗೆ ಅಳಿಸಿಹಾಕುವುದು ನ್ಯಾಯವಲ್ಲ. ಮೇಲಾಗಿ, 2010ರಲ್ಲಿ ಎಚ್‌ಐವಿಯ ಸಂಬಂಧಿ ವೈರಸ್ಸೊಂದರ ಸ್ಫಟಿಕದಲ್ಲಿ ಕಂಡದ್ದೇ ಬೇರೆ. ಅಲ್ಲಿ ಔಷಧ ವೈರಸ್ಸಿನ ಡಿಎನ್‌ಎ ತುದಿಯನ್ನು ಆಚೆ ತಳ್ಳಿ, ಎರಡು ಮೆಗ್ನೀಸಿಯಂ ಅಯಾನುಗಳನ್ನು ಹಿಡಿದು ಕೂತಿತ್ತು. ಮೆಕ್ಯಾಮನ್ ತಂಡದ ಲೆಕ್ಕದಲ್ಲಿ ಇರುವುದು ಒಂದೇ ಮೆಗ್ನೀಸಿಯಂ. ಡಿಎನ್‌ಎ ಅಂತೂ ಇಲ್ಲವೇ ಇಲ್ಲ.