ಮುಂಬಯಿಗಾಗಿ ಕಾದವರ ದ್ವೀಪ

ನಮ್ಮ ಸಂಘದ ಯುವ ವಿಭಾಗದ ಮಕ್ಕಳು ಮನೆಗೆ ಬಂದು, “ಆಂಟಿ, ನಿಮ್ಮ ಊರಿನ ಬಗ್ಗೆ ಏನಾದರೂ ಬರೆದುಕೊಡಿ, ಆದರೆ ಕಷ್ಟದ ಕನ್ನಡ ಬೇಡ” ಎಂದು ಕೇಳಿದಾಗ ನಕ್ಕು ಸುಮ್ಮನಾಗಿದ್ದೆ. ಬರೆಯಲು ನಾನೇನು ಲೇಖಕಿಯೇ? ಇಂಗ್ಲಿಷ್ ಸಾಹಿತ್ಯ ಓದಿ ಬಿ.ಎ. ಮಾಡಿದ್ದೇನೋ ನಿಜ. ಆದರೆ ಮದುವೆಯಾಗಿ ವಾಗ್ಳೆ ಎಸ್ಟೇಟಿಗೆ ಬಂದ ಮೇಲೆ ನಾನು ಬರೆದದ್ದು ಹಾಲಿನ ಲೆಕ್ಕ ಮತ್ತು ಕಿರಾಣಿ ಚೀಟಿ ಮಾತ್ರ. ಕಳೆದ ಡಿಸೆಂಬರಿನಲ್ಲಿ ಕಾರವಾರಕ್ಕೆ ಹೋಗಿ ಬಂದ ಮೇಲೆ ಮಾತ್ರ, ಇದನ್ನು ನಿಮಗೆ ಹೇಳಲೇಬೇಕು ಎನ್ನಿಸಿತು.

ನಾನು ಹೋದದ್ದು ಪ್ರವಾಸಕ್ಕಲ್ಲ. ಕೋಡಿಬಾಗದಲ್ಲಿ ನಮ್ಮ ಅಪ್ಪ ಕಟ್ಟಿಸಿದ ಹೆಂಚಿನ ಮನೆಯೊಂದಿತ್ತು. ಅಪ್ಪ, ಅಮ್ಮ ಇಬ್ಬರೂ ಹೋದ ಮೇಲೆ ಅದಕ್ಕೆ ಬೀಗ ಬಿದ್ದಿತ್ತು. ಅಣ್ಣ ಬೆಂಗಳೂರಿನಲ್ಲಿ, ತಂಗಿ ಪುಣೆಯಲ್ಲಿ. ಮಳೆಗಾಲಕ್ಕೊಮ್ಮೆ ಹೆಂಚು ತಿರುವಿ ಹಾಕಿಸುವವರು ಯಾರು? ಮಾರುವುದೆಂದು ಮೂವರೂ ಒಪ್ಪಿದೆವು. ರುಜು ಹಾಕಲು ನಾನು ಹೊರಟಾಗ ಮಗಳೂ ರಜೆ ಹಾಕಿ ಜೊತೆಗೆ ಬಂದಳು. ಅವಳು ಠಾಣೆಯಲ್ಲೇ ಹುಟ್ಟಿದವಳು. ಕನ್ನಡ ಚೆನ್ನಾಗಿ ಮಾತಾಡುತ್ತಾಳೆ, ಓದುವಾಗ ತಡವರಿಸುತ್ತಾಳೆ. ಕಾರವಾರವನ್ನು ಅವಳು ಯಾವಾಗಲೂ “ನಿಮ್ಮ ಊರು” ಎನ್ನುತ್ತಾಳೆ, “ನಮ್ಮ ಊರು” ಎಂದದ್ದು ನಾನು ಕೇಳಿಲ್ಲ.

ಠಾಣೆಯಲ್ಲಿ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಹತ್ತಿದೆವು. 1998ರಲ್ಲಿ ಕೊಂಕಣ ರೈಲು ಪೂರ್ತಿಯಾಗುವ ಮೊದಲು ಘಟ್ಟ ಹತ್ತಿಳಿಯುವ ಬಸ್ಸಿನಲ್ಲಿ, ಮಕ್ಕಳಿಗೆ ವಾಂತಿಯಾಗದಂತೆ ನಿಂಬೆಹಣ್ಣು ಮೂಸಿಸುತ್ತಾ ರಾತ್ರಿಯೆಲ್ಲ ಹೋಗುತ್ತಿದ್ದೆವು. ಈಗ ಸುರಂಗದ ಮೇಲೆ ಸುರಂಗ ದಾಟಿ ನಿದ್ದೆಯಲ್ಲೇ ಊರು ತಲುಪಿಬಿಡುತ್ತೇವೆ.

ಕಾಗದಪತ್ರದ ಕೆಲಸಕ್ಕೆ ಮಧ್ಯೆ ಒಂದು ದಿನ ಬಿಡುವಿತ್ತು. ಮಗಳು ದೋಣಿಯಲ್ಲಿ ಹೋಗೋಣವೆಂದಳು. ಕಾಳಿ ನದಿ ಸಮುದ್ರ ಸೇರುವಲ್ಲಿಂದ ಪ್ರವಾಸಿಗಳ ದೋಣಿಗಳು ಹೊರಡುತ್ತವೆ. ಸಹ್ಯಾದ್ರಿ ಇಲ್ಲಿ ಸಮುದ್ರಕ್ಕೆ ತೀರ ಹತ್ತಿರ ಬಂದಿದೆ. ಹಿಂತಿರುಗಿ ನೋಡಿದರೆ ಬೆಟ್ಟದ ಹಿಂದೆ ಬೆಟ್ಟ, ಹಸಿರು ಹೋಗಿ ನೀಲಿ, ನೀಲಿ ಹೋಗಿ ಬರೀ ಮಂಜು. ಮುಂದೆ ನೋಡಿದರೆ ಆ ಬೆಟ್ಟಗಳಲ್ಲೇ ಕೆಲವು ನೀರಿಗಿಳಿದು ಕುತ್ತಿಗೆಯವರೆಗೆ ನಿಂತಂತೆ ದ್ವೀಪಗಳು. ಪುಷ್ಯ ಹುಣ್ಣಿಮೆಗೆ ನರಸಿಂಹ ದೇವರ ಜಾತ್ರೆ ನಡೆಯುವ ಕೂರ್ಮಗಡ. ಬಾಳೆಗೊನೆ ಹರಕೆ ಹೊತ್ತವರು ಅಲ್ಲಿಗೆ ದೋಣಿಯಲ್ಲೇ ಹೋಗುತ್ತಾರೆ. ಅದರಾಚೆ, 1864ರ ದೀಪಸ್ತಂಭ ಹೊತ್ತ ದೇವಗಡ.

ಕೂರ್ಮಗಡದ ಹತ್ತಿರ ದೋಣಿಯವನು ಎಂಜಿನ್ ನಿಲ್ಲಿಸಿ, “ಅಕ್ಕಾ, ಮಾತಾಡಬೇಡಿ, ನೀರು ನೋಡಿ” ಎಂದ. ಸ್ವಲ್ಪ ಹೊತ್ತಿಗೆ ಬೂದು ಬಣ್ಣದ ಬೆನ್ನೊಂದು ಎದ್ದು ಮುಳುಗಿತು, ಪಕ್ಕದಲ್ಲಿ ಇನ್ನೊಂದು. ಬೆನ್ನ ಮೇಲೆ ಗೂನಿರುವ ಡಾಲ್ಫಿನ್‌ಗಳು. ಇವು ಆಳ ಸಮುದ್ರದವಲ್ಲ. ದಡದ ಹತ್ತಿರ, ನದಿ ಬಾಯಿಯಲ್ಲಿ ಮೀನು ಹಿಡಿಯುತ್ತಾ ಇರುತ್ತವೆ. ಟಿ.ವಿ.ಯಲ್ಲಿ ನೋಡಿದಂತೆ ಕುಣಿದು ತೋರಿಸಲಿಲ್ಲ. ಉಸಿರು ಬಿಟ್ಟ ‘ಫುಸ್’ ಎನ್ನುವ ಸದ್ದು ಕೇಳಿತು, ಅಷ್ಟೇ. ಮಗಳು ಫೋಟೋ ತೆಗೆಯುವುದನ್ನೇ ಮರೆತಳು.

ಅಷ್ಟರಲ್ಲಿ ತಲೆಯ ಮೇಲೊಂದು ದೊಡ್ಡ ಹಕ್ಕಿ ಬಂತು. ಬೆಳ್ಳಗಿನ ಹೊಟ್ಟೆ, ಬೂದು ರೆಕ್ಕೆ. ನಮ್ಮ ಗರುಡನಿಗಿಂತ ಎಷ್ಟೋ ದೊಡ್ಡದು. ಅದು ಬಿಳಿಹೊಟ್ಟೆಯ ಕಡಲ ಹದ್ದು. ಎತ್ತರದ ಮರದಲ್ಲಿ ಕಡ್ಡಿಯ ಗೂಡು ಕಟ್ಟುತ್ತದೆ. ಗಂಡು ಹೆಣ್ಣು ವರ್ಷ ವರ್ಷವೂ ಅದೇ ಗೂಡಿಗೆ ಬಂದು ಇನ್ನಷ್ಟು ಕಡ್ಡಿ ಸೇರಿಸುತ್ತವೆ. ಮೀನು, ಕಡಲ ಹಾವು ಅದರ ಊಟ. ಅದು ರೆಕ್ಕೆ ಬಡಿಯದೆ ದಕ್ಷಿಣಕ್ಕೆ ತೇಲಿಹೋಯಿತು. ಅದು ಹೋದ ದಿಕ್ಕಿನಲ್ಲಿ ಉದ್ದಕ್ಕೆ ಮಲಗಿದ್ದ ಇನ್ನೊಂದು ದ್ವೀಪ ಕಂಡಿತು.

“ಅದೇ ಅಂಜದೀವ” ಎಂದೆ.

“ಅಲ್ಲಿಗೆ ಹೋಗೋಣವಾ?”

“ಈಗ ಹೋಗಲು ಬಿಡುವುದಿಲ್ಲ. ನಾನು ಹನ್ನೊಂದು ವರ್ಷದವಳಿದ್ದಾಗ ಹೋಗಿದ್ದೆ.”

ಅದು 1981ರ ಫೆಬ್ರುವರಿ. ಅಲ್ಲಿನ ಇಗರ್ಜಿಯಲ್ಲಿ ಫೆಬ್ರುವರಿ 2ರಂದು ಮೇರಿ ಮಾತೆಯ ಹಬ್ಬ. ನಮ್ಮ ಪಕ್ಕದ ಮನೆಯ ಕ್ರೈಸ್ತ ಬಾಯಿಯವರು ಹೊರಟಾಗ ಅಪ್ಪ ನನ್ನನ್ನೂ ಕರೆದುಕೊಂಡು ಜೊತೆಗೆ ಹೋದರು. ಅಪ್ಪ ಶಾಲಾ ಮಾಸ್ತರರು, ಎಲ್ಲವನ್ನೂ ನೋಡಬೇಕು, ನೋಡಿದ್ದನ್ನು ಮಕ್ಕಳಿಗೆ ಹೇಳಬೇಕು. ಬಿಳಿ ಇಗರ್ಜಿ, ಮುರಿದ ಕೋಟೆಗೋಡೆ, ಗೋಡೆಯ ಸಂದಿಯಿಂದ ಬೆಳೆದ ಗೋಳಿಮರದ ಬೇರು, ಸಿಹಿನೀರು ಇವು ನನಗೆ ನೆನಪಿವೆ. ಸುತ್ತ ಉಪ್ಪು ನೀರಿರುವಾಗ ನಡುವೆ ಸಿಹಿನೀರು ಹೇಗೆ ಬಂತೆಂದು ನಾನು ಕೇಳಿದ್ದೆ. ಅಪ್ಪ, “ಆ ನೀರಿಗಾಗಿಯೇ ಇಷ್ಟೆಲ್ಲ ಜಗಳ” ಎಂದಿದ್ದರು.

ಅದು ತಮಾಷೆಯ ಮಾತಲ್ಲ. 1498ರಲ್ಲಿ ವಾಸ್ಕೋ ಡ ಗಾಮಾ ಕಲ್ಲಿಕೋಟೆಯಿಂದ ಮರಳುವಾಗ ನೀರು ತುಂಬಿಕೊಳ್ಳಲು, ಹಡಗು ದುರಸ್ತಿ ಮಾಡಲು ಇಲ್ಲಿ ನಿಂತ. 1505ರಲ್ಲಿ ಪೋರ್ಚುಗೀಸರು ಇಲ್ಲಿ ಕೋಟೆ ಕಟ್ಟಿ ಸ್ವಲ್ಪ ಕಾಲದಲ್ಲೇ ಅದನ್ನು ತಾವೇ ಕೆಡವಿ ಹೋದರು. ಮತ್ತೆ 1682ರಲ್ಲಿ ಕಟ್ಟಿದರು. ಅಲ್ಲಿದ್ದ ಆರ್ಯಾದುರ್ಗೆ ದೇವಿಯನ್ನು ಭಕ್ತರು ಅಂಕೋಲೆಗೆ ತಂದರೆಂದು ನಮ್ಮ ಕಡೆಯ ಹಿರಿಯರು ಹೇಳುತ್ತಾರೆ. ಕಾರವಾರದ ಕಣ್ಣೆದುರಿಗೇ ಇದ್ದರೂ ಈ ದ್ವೀಪ ಇವತ್ತಿಗೂ ಸೇರಿರುವುದು ಗೋವಾ ರಾಜ್ಯಕ್ಕೆ.

ಈಗ ನಿಮ್ಮ ಮುಂಬಯಿಯ ಕಥೆಗೆ ಬರುತ್ತೇನೆ. ಪೋರ್ಚುಗಲ್ಲಿನ ರಾಜಕುಮಾರಿ ಕ್ಯಾಥರೀನಳನ್ನು ಇಂಗ್ಲೆಂಡಿನ ದೊರೆ ಎರಡನೆಯ ಚಾರ್ಲ್ಸ್ ಮದುವೆಯಾದಾಗ ಮುಂಬಯಿಯನ್ನು ವರದಕ್ಷಿಣೆಯಾಗಿ ಕೊಟ್ಟರೆಂದು ನೀವು ಶಾಲೆಯಲ್ಲಿ ಓದಿದ್ದೀರಿ. ಆದರೆ ಕೊಟ್ಟ ಮಾತು ಬೇರೆ, ಕೈಗೆ ಬರುವುದು ಬೇರೆ. 1661ರಲ್ಲಿ ಒಪ್ಪಂದವಾಯಿತು. 1662ರಲ್ಲಿ ಸರ್ ಅಬ್ರಹಾಂ ಶಿಪ್‌ಮನ್ ಸುಮಾರು 400 ಸೈನಿಕರೊಡನೆ ಮುಂಬಯಿ ವಹಿಸಿಕೊಳ್ಳಲು ಬಂದ. ಇಲ್ಲಿದ್ದ ಪೋರ್ಚುಗೀಸ್ ಅಧಿಕಾರಿಗಳು ಕಾಗದಪತ್ರ ಸರಿಯಿಲ್ಲವೆಂದು ನೆಪ ಹೇಳಿ ಕೊಡಲಿಲ್ಲ. ಇಳಿಯಲು ಜಾಗವಿಲ್ಲದ ಆ ಸೈನಿಕರು ಕೊನೆಗೆ ಇಳಿದದ್ದು ಅಂಜದೀವದಲ್ಲಿ. ಕಾಗದ ಸರಿಯಾಗುವ ತನಕ ಎರಡು ಮಳೆಗಾಲ ಅಲ್ಲೇ ಕಳೆದರು. ನಮ್ಮ ಕರಾವಳಿಯ ಮಳೆ ನಿಮಗೆ ಗೊತ್ತು. ಹವೆ ಒಗ್ಗದೆ, ರೋಗ ಹಿಡಿದು ಒಬ್ಬೊಬ್ಬರಾಗಿ ಸತ್ತರು. 1664ರಲ್ಲಿ ಶಿಪ್‌ಮನ್ನನೂ ಸತ್ತ. 1665ರ ಫೆಬ್ರುವರಿಯಲ್ಲಿ ಅವನ ಕೈಕೆಳಗಿದ್ದ ಹಂಫ್ರಿ ಕುಕ್ ಮುಂಬಯಿಯನ್ನು ವಹಿಸಿಕೊಂಡಾಗ ಉಳಿದಿದ್ದವರು ನೂರರ ಆಸುಪಾಸು ಮಂದಿ. ಮೂರೇ ವರ್ಷಗಳಲ್ಲಿ, ಅಂದರೆ 1668ರಲ್ಲಿ, ದೊರೆ ಆ ಮುಂಬಯಿಯನ್ನು ವರ್ಷಕ್ಕೆ ಹತ್ತು ಪೌಂಡ್ ಬಾಡಿಗೆಗೆ ಈಸ್ಟ್ ಇಂಡಿಯಾ ಕಂಪನಿಗೆ ಕೊಟ್ಟುಬಿಟ್ಟ! ನಮ್ಮ ಠಾಣೆ ಮಾತ್ರ ಪೋರ್ಚುಗೀಸರ ಕೈಯಲ್ಲೇ ಉಳಿದು, 1737ರಲ್ಲಿ ಮರಾಠರ ವಶವಾಯಿತು.

ಬಿ.ಎ.ಯಲ್ಲಿ ಸ್ಯಾಮ್ಯುಯೆಲ್ ಪೀಪ್ಸ್‌ನ ದಿನಚರಿಯ ಬಗ್ಗೆ ಪಾಠವಿತ್ತು. ಮುಂಬಯಿಯ ವಿಷಯದಲ್ಲಿ ಪೋರ್ಚುಗೀಸರು ನಮಗೆ ಮೋಸ ಮಾಡಿದರೆಂದು 1663ರಲ್ಲಿ ಅವನು ಲಂಡನ್ನಿನಲ್ಲಿ ಕುಳಿತು ಬರೆದುಕೊಂಡಿದ್ದಾನೆ. ಪರೀಕ್ಷೆಗೆ ಓದಿ ಮರೆತಿದ್ದ ಪಾಠ. ಅವನು ಹಾಗೆ ಬರೆಯುವ ಹೊತ್ತಿಗೆ, ನಮ್ಮ ಮನೆಯಿಂದ ಕೆಲವೇ ಮೈಲಿ ದೂರದಲ್ಲಿ ಆ ಹುಡುಗರು ಜ್ವರದಲ್ಲಿ ಮಲಗಿದ್ದರೆಂಬುದು ನನಗೆ ಆಗ ಹೊಳೆದೇ ಇರಲಿಲ್ಲ.

“ಅಂದರೆ ಮುಂಬಯಿಗೆ ಅಂತ ಹೊರಟವರು ಕಾರವಾರದಲ್ಲಿ ಸತ್ತರಾ?” ಎಂದಳು ಮಗಳು. ಹೌದೆಂದೆ. “ನಾವೆಲ್ಲ ಕಾರವಾರದಿಂದ ಹೊರಟು ಮುಂಬಯಿಯಲ್ಲಿ ಬದುಕಿದೆವು” ಎಂದೂ ಸೇರಿಸಿದೆ.

ಆ ದ್ವೀಪದ ಕೊನೆಯ ಕಾಳಗ ನಮ್ಮ ಅಪ್ಪನ ಕಾಲದ್ದು. 1947ರಲ್ಲಿ ಭಾರತ ಸ್ವತಂತ್ರವಾದರೂ ಗೋವಾ ಬಿಡುಗಡೆಯಾಗಿರಲಿಲ್ಲ. 1961ರ ನವೆಂಬರಿನಲ್ಲಿ ಅಂಜದೀವದ ಪೋರ್ಚುಗೀಸ್ ಕಾವಲಿನವರು ಹತ್ತಿರ ಸಾಗುತ್ತಿದ್ದ ಹಡಗಿನ ಮೇಲೆ, ಮೀನುಗಾರರ ದೋಣಿಯ ಮೇಲೆ ಗುಂಡು ಹಾರಿಸಿದರು. ಒಬ್ಬ ಮೀನುಗಾರ ಸತ್ತ. ಡಿಸೆಂಬರ್ 18ರ ಬೆಳಿಗ್ಗೆ ನಮ್ಮ ನೌಕಾಪಡೆ ದ್ವೀಪಕ್ಕೆ ಇಳಿಯಿತು. ನಾವಿಕರನ್ನು ಇಳಿಸಿದ್ದು ‘ತ್ರಿಶೂಲ್’ ಎಂಬ ಹಡಗು. ಜೊತೆಗಿದ್ದದ್ದು ‘ಮೈಸೂರು’. ಎರಡನೆಯ ಮಹಾಯುದ್ಧದಲ್ಲಿ ಇಂಗ್ಲೆಂಡಿನ ಪರ ಹೋರಾಡಿದ ಈ ಹಡಗನ್ನು ಭಾರತ ಕೊಂಡು, 1957ರಲ್ಲಿ ನಮ್ಮ ಮೈಸೂರಿನ ಹೆಸರಿಟ್ಟಿತ್ತು. ಅದರ ಲಾಂಛನದಲ್ಲಿದ್ದದ್ದು ನಮ್ಮ ಗಂಡಭೇರುಂಡ.

ಮೊದಲ ತಂಡ ಇಳಿದ ಮೇಲೆ ದ್ವೀಪದಲ್ಲಿ ಬಿಳಿ ಬಾವುಟ ಕಂಡಿತಂತೆ. ಶರಣಾದರೆಂದು ಎರಡನೆಯ ತಂಡ ದೋಣಿಯಲ್ಲಿ ದಡಕ್ಕೆ ಬರುವಾಗ ಗುಂಡಿನ ಮಳೆ ಸುರಿಯಿತು. ಏಳು ನಾವಿಕರು ಸತ್ತರು, 19 ಮಂದಿ ಗಾಯಗೊಂಡರು. ತ್ರಿಶೂಲ್ ಫಿರಂಗಿ ಹಾರಿಸಿತು. ಮರುದಿನ ದ್ವೀಪ ನಮ್ಮದಾಯಿತು. ಆ ಫಿರಂಗಿಯ ಸದ್ದು ತಮಗೆ ಕೇಳಿತ್ತೆಂದು ಅಪ್ಪ ಹೇಳುತ್ತಿದ್ದರು. ಆಗ ಅವರಿಗೂ ಇಪ್ಪತ್ತೆರಡು ವರ್ಷ. 1981ರಲ್ಲಿ ನಾವು ಹೋದ ದಿನ, ಬಾಯಿಯವರೆಲ್ಲ ಇಗರ್ಜಿಯಲ್ಲಿದ್ದಾಗ ಅಪ್ಪ ನನ್ನ ಜಡೆಯಿಂದ ಅಬ್ಬಲಿಗೆಯ ದಂಡೆ ಬಿಚ್ಚಿ ನೀರಿನಂಚಿನ ಬಂಡೆಯ ಮೇಲಿಟ್ಟರು. ಹೂ ಹೋಯಿತೆಂದು ನಾನು ಅತ್ತೆ. “ಅಳಬೇಡ ಮಗಾ, ಏಳು ಜನ ಇಲ್ಲಿಂದ ಮನೆಗೆ ಹೋಗಲಿಲ್ಲ” ಎಂದರು. ಆ ಏಳು ಮಂದಿಯ ನೆನಪಿಗೆ ಗೋವಾದಲ್ಲಿ ಐ.ಎನ್.ಎಸ್. ಗೋಮಾಂತಕ್ ಎಂಬ ನೌಕಾನೆಲೆಯಲ್ಲಿ ಸ್ಮಾರಕವಿದೆ.

1986ರಲ್ಲಿ ಕಾರವಾರದಲ್ಲಿ ಸೀಬರ್ಡ್ ಯೋಜನೆಗೆ ಅಡಿಗಲ್ಲು ಬಿತ್ತು. ಅರ್ಗಾ ಮತ್ತು ಸುತ್ತಲಿನ ಊರುಗಳ ಸಾವಿರಾರು ಕುಟುಂಬಗಳು ಮನೆ, ಗದ್ದೆ, ಮೀನಿನ ದಡ ಬಿಟ್ಟು ಎದ್ದವು. 2005ರಲ್ಲಿ ಐ.ಎನ್.ಎಸ್. ಕದಂಬ ನೌಕಾನೆಲೆ ಆರಂಭವಾಯಿತು. ಹೆಸರು ನಮ್ಮ ಬನವಾಸಿಯ ಕದಂಬರದ್ದು. ಅಂಜದೀವಕ್ಕೂ ದಡಕ್ಕೂ ನಡುವೆ ಅಲೆ ತಡೆಯುವ ಕಲ್ಲಿನ ಗೋಡೆ ಬಂದಿದೆ. ನನ್ನ ಬಾಲ್ಯದ ದ್ವೀಪ ಈಗ ಪೂರ್ತಿ ದ್ವೀಪವೂ ಅಲ್ಲ. ಬಿಣಗಾದ ಕಡೆ ಹೆದ್ದಾರಿಯಲ್ಲಿ ಹೋಗುವವರು ದೂರದಿಂದ ನೋಡಬಹುದು, ಅಷ್ಟೇ. ದೇಶದ ಕಾವಲಿಗೆ ಬೇಕಾದ ಜಾಗವೆಂದು ನನಗೆ ಗೊತ್ತು. ಆದರೂ ಮನೆ ಬಿಟ್ಟು ಎದ್ದವರ ಮನಸ್ಸು ಹೇಗಿತ್ತೆಂದು, ನಮ್ಮ ಮನೆಯ ಕಾಗದಕ್ಕೆ ರುಜು ಹಾಕುವಾಗ ನನಗೆ ಸ್ವಲ್ಪ ಅರ್ಥವಾಯಿತು. ನಮ್ಮನ್ನು ಯಾರೂ ಎಬ್ಬಿಸಲಿಲ್ಲ. ನಾವೇ ಎದ್ದೆವು.

ಬೀಗದ ಕೈ ಕೊಟ್ಟು ಹೊರಗೆ ಬಂದಾಗ ಅಂಗಳದ ಅಬ್ಬಲಿಗೆ ಗಿಡದಲ್ಲಿ ನಾಲ್ಕು ಹೂ ಇದ್ದವು. ಮಗಳು ಕೊಯ್ದು ಕರವಸ್ತ್ರದಲ್ಲಿ ಕಟ್ಟಿಕೊಂಡಳು. ಸಂಜೆ ಟ್ಯಾಗೋರ್ ಕಡಲತೀರದಲ್ಲಿ ಅವನ್ನು ನೀರಿಗೆ ಬಿಟ್ಟಳು. ನಾನು ಹೇಳಿರಲಿಲ್ಲ. ಅಲೆ ಅವನ್ನು ಮತ್ತೆ ಅವಳ ಕಾಲ ಬುಡಕ್ಕೇ ತಂದು ಹಾಕಿತು. ಇಬ್ಬರಿಗೂ ನಗು ಬಂತು.

ಮಕ್ಕಳೇ, ನಿಮ್ಮಲ್ಲಿ ಎಷ್ಟೋ ಜನರ ಊರಿನ ಮನೆಗೆ ಇವತ್ತು ಬೀಗ ಬಿದ್ದಿರಬಹುದು. ಮಾರುವ ಮಾತು ಮನೆಯಲ್ಲಿ ನಡೆಯುತ್ತಿರಬಹುದು. ಮಾರಬೇಡಿ ಎನ್ನುವ ಅಧಿಕಾರ ನನಗಿಲ್ಲ, ನಾನೇ ಮಾರಿ ಬಂದವಳು. ಮಾರುವ ಮೊದಲು ಒಂದು ಸಲ ಹೋಗಿ, ಅಂಗಳದಲ್ಲಿ ನಿಂತು ಯಾವ ಬೆಟ್ಟ ಕಾಣುತ್ತದೆ, ಯಾವ ನೀರಿನ ಸದ್ದು ಕೇಳುತ್ತದೆ, ಅಲ್ಲಿ ಯಾರು ಏಕೆ ಸತ್ತರು, ಯಾರು ಏಕೆ ಹೊರಟುಹೋದರು ಎಂದು ಹಿರಿಯರನ್ನು ಕೇಳಿ. ನಮ್ಮ ಖಾಡಿಗೆ ಬರುವ ರಾಜಹಂಸಗಳನ್ನು ನೋಡಲು ಕ್ಯಾಮರಾ ಹಿಡಿದು ಹೋಗುತ್ತೀರಲ್ಲ, ಅಷ್ಟೇ ಆಸೆಯಿಂದ ಹೋಗಿ.

ಮರಳುವಾಗ ರೈಲಿನಲ್ಲಿ ಮಗಳು ಗೆಳತಿಯೊಡನೆ ಫೋನಿನಲ್ಲಿ ಮಾತಾಡುತ್ತಿದ್ದಳು. “ನಮ್ಮ ಊರಿಗೆ ಹೋಗಿದ್ದೆ” ಎಂದಳು. ಮನೆ ಇದ್ದಾಗ ಒಂದು ದಿನವೂ ಹಾಗೆ ಹೇಳಿರಲಿಲ್ಲ. ನಾನು ಕಿಟಕಿಯ ಕಡೆ ಮುಖ ತಿರುಗಿಸಿ ಕುಳಿತೆ.