ಇಂಗ್ಲಿಷ್ ಓದಿದವರ ಮೊದಲ ಸಂಬಳ

ಬಿ.ಎ.ಯಲ್ಲಿ ಆಪ್ಷನಲ್ ಇಂಗ್ಲಿಷ್ ತೆಗೆದುಕೊಂಡ ಹುಡುಗಿಗೆ ಊರಿನಲ್ಲಿ ಬೇರೆಯೇ ಮರ್ಯಾದೆ. ಬ್ಯಾಂಕಿನಿಂದ ನೋಟಿಸು ಬಂದರೆ ಅವಳ ಮನೆಗೆ ತರುತ್ತಾರೆ. ಔಷಧಿ ಡಬ್ಬಿಯ ಮೇಲಿನ ಬರಹ, ವಿಮೆಯ ಕಾಗದ, ಎಲ್ಲಕ್ಕೂ ಅವಳೇ ಬೇಕು. ಅದೇ ಹುಡುಗಿ ಪದವಿ ಮುಗಿಸಿ ಬೆಂಗಳೂರಿನಲ್ಲಿ ಇಂಟರ್‌ವ್ಯೂಗೆ ಕೂತರೆ, ಎರಡು ಮಾತು ಆಡುವಷ್ಟರಲ್ಲಿ ಉಚ್ಚಾರಣೆ ಸಾಲದೆಂದು ಎಬ್ಬಿಸಿ ಕಳಿಸುತ್ತಾರೆ. ಥಾಮಸ್ ಹಾರ್ಡಿಯ ಕಾದಂಬರಿಯನ್ನು ಮೊದಲಿಂದ ಕೊನೆಯವರೆಗೆ ಓದಿ ಅರಗಿಸಿಕೊಂಡವಳು ಅವಳು. ಅದನ್ನು ಯಾರೂ ಕೇಳುವುದಿಲ್ಲ. ಇಂಗ್ಲಿಷ್ ಪಾಠ ಹೇಳುವ ನನಗೆ ಇದು ವರ್ಷ ವರ್ಷವೂ ತಪ್ಪದ ಸಂಕಟ.

ಇಂಗ್ಲಿಷ್ ಓದಿದವರು ಮುಂದೇನು ಮಾಡುತ್ತಾರೆ ಎಂದರೆ ನಮ್ಮ ಜನಕ್ಕೆ ಮೊದಲು ಹೊಳೆಯುವುದು ಮೇಷ್ಟರ ಕೆಲಸ. ತಪ್ಪೇನಿಲ್ಲ. ಬಿ.ಎಂ.ಶ್ರೀ., ಎ.ಎನ್. ಮೂರ್ತಿರಾಯರು, ಗೋಪಾಲಕೃಷ್ಣ ಅಡಿಗರು, ಅನಂತಮೂರ್ತಿ, ಲಂಕೇಶ್ ಎಲ್ಲರೂ ಇಂಗ್ಲಿಷ್ ಪಾಠ ಹೇಳಿ ಸಂಬಳ ಪಡೆದವರೇ. ಕನ್ನಡಕ್ಕೆ ಆ ಸಂಬಳದ ಋಣ ದೊಡ್ಡದು. ಈಗ ಆ ಕೆಲಸಕ್ಕೆ ಸೇರುವುದು ಅಷ್ಟು ಸುಲಭವಲ್ಲ. ಹೈಸ್ಕೂಲಿಗೆ ಹೋಗಬೇಕೆಂದರೆ ಪದವಿಯ ಮೇಲೆ 2 ವರ್ಷದ ಬಿ.ಎಡ್. ಆಗಬೇಕು. ಸರ್ಕಾರಿ ಶಾಲೆಯಲ್ಲಿ ಆರರಿಂದ ಎಂಟನೇ ತರಗತಿಗೆ ಪಾಠ ಮಾಡಲು ಟಿ.ಇ.ಟಿ.ಯೂ ಪಾಸಾಗಿರಬೇಕು. ಡಿಗ್ರಿ ಕಾಲೇಜಿಗಾದರೆ ಸಾಮಾನ್ಯ ವರ್ಗದವರಿಗೆ ಎಂ.ಎ.ಯಲ್ಲಿ ಶೇ. 55 ಅಂಕ, ಜೊತೆಗೆ ನೆಟ್, ಕೆ-ಸೆಟ್ ಇಲ್ಲವೇ ಪಿಎಚ್.ಡಿ. ಇಷ್ಟೆಲ್ಲ ದಾಟಿದವರೂ ನೇಮಕಾತಿಯ ಅಧಿಸೂಚನೆಗೆ ಕಾಯುತ್ತ ಅತಿಥಿ ಉಪನ್ಯಾಸಕರಾಗಿ ದಿನ ದೂಡುತ್ತಾರೆ. ಮುಂದಿನ ವರ್ಷ ಮತ್ತೆ ಕರೆಯುತ್ತಾರೋ ಇಲ್ಲವೋ ತಿಳಿಯದೆ, ಮದುವೆ ಮುಂದೂಡುತ್ತ, ಬಾಡಿಗೆಗೆ ಊರಿನಿಂದ ದುಡ್ಡು ತರಿಸಿಕೊಳ್ಳುತ್ತ ಸ್ಟಾಫ್‌ರೂಮಿನಲ್ಲಿ ನನ್ನ ಪಕ್ಕದಲ್ಲೇ ಕೂರುವವರನ್ನು ಬಲ್ಲೆ. ಅವರ ಪಾಠ ಖಾಯಂ ಆದವರ ಪಾಠಕ್ಕಿಂತ ಯಾವುದರಲ್ಲೂ ಕಡಿಮೆಯಲ್ಲ. ಅವರನ್ನು ಹೀಗೆ ನಡೆಸಿಕೊಳ್ಳುವುದು ಅನ್ಯಾಯ.

ಬಿಪಿಒಗಳಲ್ಲಿ ಕೆಲಸ ಬೇಗ ಸಿಗುತ್ತದೆ. ರಾತ್ರಿಪಾಳಿ ಇರುತ್ತದೆ, ಟಾರ್ಗೆಟ್ ಇರುತ್ತದೆ. ಆದರೂ ಮನೆಯಲ್ಲಿ ಸಾಲವಿದ್ದವರು ಅಲ್ಲಿಗೆ ಹೋಗುವುದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಬ್ಯಾಂಕ್ ಪರೀಕ್ಷೆ, ಎಫ್.ಡಿ.ಎ. ಪರೀಕ್ಷೆಗಳಿಗೆ ಯಾವ ಪದವಿಯಾದರೂ ನಡೆಯುತ್ತದೆ. ಕೆಲವು ವರ್ಷ ಕಂಟೆಂಟ್ ರೈಟಿಂಗ್ ನಮ್ಮ ಮಕ್ಕಳ ಕೈ ಹಿಡಿದಿತ್ತು. ಈಗ ಆ ಸಾಧಾರಣ ಬರಹವನ್ನು ಯಂತ್ರವೇ ಬರೆದುಕೊಡುತ್ತಿದೆ.

ನನಗೆ ಭರವಸೆ ಇರುವುದು ಎರಡು ಭಾಷೆಗಳು ಕೂಡುವ ಕಡೆ. ನ್ಯಾಯಾಲಯಗಳಲ್ಲಿ ಭಾಷಾಂತರಕಾರರ ಹುದ್ದೆಗಳಿವೆ. ಸಿನಿಮಾ ಸಬ್‌ಟೈಟಲ್, ಪಠ್ಯಪುಸ್ತಕ, ಮೊಬೈಲ್ ಆ್ಯಪ್‌ಗಳ ಕನ್ನಡ, ಹಳ್ಳಿಗಳಲ್ಲಿ ಕೆಲಸ ಮಾಡುವ ಸ್ವಯಂಸೇವಾ ಸಂಸ್ಥೆಗಳ ವರದಿ, ಇವಕ್ಕೆಲ್ಲ ಎರಡನ್ನೂ ಬಲ್ಲವರು ಬೇಕು. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದಲ್ಲಿರುವ ರಾಷ್ಟ್ರೀಯ ಅನುವಾದ ಮಿಷನ್ ಅನುವಾದಕರಿಗೆ ತರಬೇತಿಯನ್ನೂ ನಡೆಸಿದೆ. ಜಮೀನಿನ ವ್ಯಾಜ್ಯದಲ್ಲಿ ರೈತ ಕೊಟ್ಟ ಹೇಳಿಕೆಯನ್ನು ಇಂಗ್ಲಿಷಿಗೆ ತರುವವರಿಗೆ ಬದು, ಖರಾಬು, ಪೋಡಿ, ಪಹಣಿ ಎಲ್ಲದರ ವ್ಯವಹಾರ ಗೊತ್ತಿರಬೇಕು. ಹೊಲದಲ್ಲಿ ಬೆಳೆದವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಯಂತ್ರ ಮಾಡಿದ ಅನುವಾದ ಎಲ್ಲಿ ಎಡವಿದೆ ಎಂದು ಹಿಡಿಯುವವರೂ ಅವರೇ. ಕನ್ನಡ ತಮಗೊಂದು ಕೊರತೆ ಎಂದು ನಂಬಿಕೊಂಡು ನಮ್ಮ ಮಕ್ಕಳು ಅದನ್ನು ಬಯೋಡೇಟಾದ ಕಡೇ ಸಾಲಿಗೆ ತಳ್ಳುತ್ತಾರೆ. ದಯವಿಟ್ಟು ಅದನ್ನು ಮೇಲಕ್ಕೆ ತನ್ನಿ.

ಇದಕ್ಕೆ ತಯಾರಿ ಕಾಲೇಜಿನಲ್ಲೇ ಆಗಬೇಕು. ಮೂರು ವರ್ಷ ಕವಿತೆಯ ಸಾರಾಂಶವನ್ನೇ ಬರೆದ ಮಕ್ಕಳಿಗೆ ಒಂದು ಪುಟದ ವರದಿ ಬರೆಯಲು ಕೈ ಬಾರದಿದ್ದರೆ ತಪ್ಪು ಅವರದಲ್ಲ. ಸಾಹಿತ್ಯ ಬಿಡಿ ಎಂದು ನಾನು ಹೇಳುತ್ತಿಲ್ಲ. ಪ್ರತಿ ಸಾಲನ್ನೂ ನಿಂತು ಓದುವ ಅಭ್ಯಾಸ ಅಲ್ಲಿಂದಲೇ ಬರುವುದು. ಇಂಗ್ಲಿಷ್ ಪಾಠ ಹೇಳುವ ಗೆಳೆಯರಲ್ಲಿ ಕೇಳಿಕೊಳ್ಳುವುದಿಷ್ಟೇ: ನೋಟ್ಸ್ ಬರೆಸುವುದನ್ನು ಕಡಿಮೆ ಮಾಡಿ. ಕೊನೆಯ ಸೆಮಿಸ್ಟರಿನಲ್ಲಿ ಪ್ರತಿಯೊಬ್ಬರಿಂದಲೂ ಒಂದು ಅನುವಾದ, ಒಂದು ವರದಿ, ಒಂದು ಮನವಿಪತ್ರ ಬರೆಸಿ, ತಿದ್ದಿ, ಮತ್ತೆ ಬರೆಸಿ. ಕೆಲಸ ಕೇಳಲು ಹೋಗುವಾಗ ಅಂಕಪಟ್ಟಿಯ ಜೊತೆ ಆ ಪುಟಗಳೂ ಅವರ ಫೈಲಿನಲ್ಲಿರಲಿ.